ಫ್ಲಾಸ್ಕಿನಲ್ಲಿ ಬಂದ ಕೆರೆ

ಏಪ್ರಿಲ್ ತಿಂಗಳ ನಡುಮಧ್ಯಾಹ್ನದಲ್ಲಿ ಬಳ್ಳಾರಿಯಲ್ಲಿ ತಣ್ಣಗಿರುತ್ತಿದ್ದ ಏಕೈಕ ಸಾರ್ವಜನಿಕ ಆಸ್ತಿಯೆಂದರೆ ನಮ್ಮ ಐಸ್ ಮಾವನ ಬಲಗೈ. ಬೆರಳ ತುದಿಗಳು ನೆನೆದ ಅಕ್ಕಿಯಂತೆ ಬಿಳುಚಿ ಸುಕ್ಕುಗಟ್ಟಿರುತ್ತಿದ್ದವು. ಓಣಿಯಲ್ಲಿ ಯಾರಿಗೆ ತಲೆನೋವು ಬಂದರೂ ಮೊದಲು ಹಣೆಯ ಮೇಲೆ ಆ ಕೈ, ಗುಳಿಗೆ ಆಮೇಲೆ.

ಕೌಲ್ ಬಜಾರಿನಲ್ಲಿ ಅವರದು ಐಸಿನ ಅಂಗಡಿ. ಸಿರುಗುಪ್ಪದ ಮಿಲ್ಲಿನಿಂದ ತರಿಸಿದ ಭತ್ತದ ಹೊಟ್ಟಿನಲ್ಲಿ ದಿಮ್ಮಿಗಳನ್ನು ಹುದುಗಿಸಿ, ಮೇಲೆ ಗೋಣಿತಟ್ಟು ಹೊದಿಸಿ, ಪೀಠಾಧಿಪತಿಯಂತೆ ಕೂತಿರುತ್ತಿದ್ದರು. ಹೊಸ ದಿಮ್ಮಿ ಬಂದೊಡನೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, ತೀರ್ಪು ಕೊಡುವರು. ಗಿರಾಕಿ ಯಾರಾದರೂ ಗೋಣಿ ಎತ್ತಿ ಇಣುಕಿದರೆ ಮುಗಿಯಿತು.

‘ಮುಚ್ಚಲೇ! ಐಸು ಬಿಸಿಲಿಗೆ ಕರಗಂಗಿಲ್ಲ, ನೋಡೋರ ಕಣ್ಣಿಗೆ ಕರಗತೈತಿ.’

ಹಿಮಾಲಯದಲ್ಲಿ ಚಳಿಗಾಲಕ್ಕೆ ಕೆರೆಗಳೇ ಹೆಪ್ಪುಗಟ್ಟುತ್ತವೆಂದು ಮೊಮ್ಮಗಳ ಮೊಬೈಲಿನಲ್ಲಿ ಕಂಡ ದಿನದಿಂದ ಮಾವನಿಗೆ ನಿದ್ದೆ ಹಾರಿತು. ಅವರ ಹೆಂಡತಿ, ಓಣಿಗೆಲ್ಲ ಅತ್ತೆ, ನಂಬಲಿಲ್ಲ.

‘ಕರೆಂಟಿಲ್ಲ, ಮಷಿನ್ನಿಲ್ಲ, ಕೆರಿ ಹೆಂಗ ಗಟ್ಟಿ ಆಗ್ತೈತಿ? ಐಸ್ ಮಾರಿ ಮಾರಿ ನಿಮ್ಮ ತಲಿ ಹೆಪ್ಪುಗಟ್ಟೈತಿ.’

‘ಒಂದು ತುಂಡು ತಂದು ನಿನ್ನ ಕೈಯಾಗ ಇಡ್ತೀನಿ. ಆವಾಗರ ನಂಬ್ತಿಯಿಲ್ಲೋ?’

‘ಇಡ್ರಿ, ನೋಡೋಣು.’

ಮದುವೆಯಾದಾಗಿನಿಂದ ಅತ್ತೆ ಅವರ ಒಂದು ಮಾತನ್ನೂ ಸಾಕ್ಷಿಯಿಲ್ಲದೆ ಒಪ್ಪಿದವರಲ್ಲ. ಆದ್ದರಿಂದ ಇದು ಪ್ರವಾಸವಲ್ಲ, ಮೇಲ್ಮನವಿ. ಸಾಕ್ಷಿದಾರನಾಗಿ ಪಕ್ಕದ ಮನೆಯ ನನ್ನನ್ನು ನೇಮಿಸಲಾಯಿತು.

ಕುರುಗೋಡಿನ ಗುಡ್ಡದಲ್ಲಿ ತಾಲೀಮು ನಡೆಯಿತು. ಸ್ವೆಟರು, ಮಂಗನ ಟೊಪ್ಪಿಗೆ, ಉಣ್ಣೆಯ ಕೈಗವಸು ತೊಟ್ಟು ಸುಡುವ ಬಂಡೆ ಹತ್ತುತ್ತಿದ್ದ ನಮ್ಮಿಬ್ಬರನ್ನು ಕಂಡು ಕುರಿಗಾರನೊಬ್ಬ, ‘ಇಬ್ರಿಗೂ ಜ್ವರ ಬಂದಾವೇನ್ರಿ?’ ಎಂದು ಮರುಗಿದ.

ಡಿಸೆಂಬರಿನಲ್ಲಿ ಹಿಮಾಲಯಕ್ಕೆ ಹೋದೆವು. ಬೆಟ್ಟದ ದಾರಿಯಲ್ಲಿ ಮೊದಲ ಕೆರೆ ಕಂಡಾಗ ನಾನು ಆಕಾಶ, ಕೈಲಾಸ ಎಂದು ಏನೇನೋ ಉದ್ಗರಿಸಿದೆ. ಮಾವ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕೈಗವಸು ಕಳಚಿ, ಗೆಣ್ಣಿನಿಂದ ಕೆರೆಯನ್ನು ಬಡಿದು ಕಿವಿಯಿಟ್ಟರು.

‘ಮಾಲು ಚಲೋ ಐತಿ. ಆದ್ರ ಒಳಗ ಗಾಳಿ ಸೇರೈತಿ.’

ಎರಡನೆಯದಕ್ಕೆ, ‘ಪರವಾಗಿಲ್ಲ, ಮದುವಿ ಶರಬತ್ತಿಗೆ ನಡೀತೈತಿ’ ಎಂದರು. ಮೂರನೆಯ ಕೆರೆ ಬಡಿದಾಗ ಗುಡಿಯ ಗಂಟೆಯ ದನಿ ಹೊರಟಿತು. ಮಾವ ಇನ್ನೊಮ್ಮೆ ಬಡಿದು, ಇನ್ನೊಮ್ಮೆ ಕಿವಿಯಿಟ್ಟರು.

‘ಹೊಟ್ಟಿಲ್ಲ, ಗೋಣಿಯಿಲ್ಲ, ಕಾಯೋರಿಲ್ಲ. ಹಂಗ ಐತಿ ನೋಡಪಾ!’

ಆಮೇಲೆ ಊರಿನಿಂದ ತಂದಿದ್ದ, ಐಸು ಒಡೆಯುವ ದಬ್ಬಳ ಹೊರತೆಗೆದರು. ದಾರಿ ತೋರಿಸಲು ಬಂದಿದ್ದ ಹುಡುಗ, ‘ಚಾಚಾ! ಕ್ಯಾ ಕರ್ ರಹೇ ಹೋ?’ ಎಂದು ಚೀರಿದ. ‘ಘಬರಾವ್ ಮತ್ ಬೇಟಾ, ಹಮಾರಾ ಧಂದಾ ಹೈ’ ಎಂದು ಕೌಲ್ ಬಜಾರಿನ ಉರ್ದುವಿನಲ್ಲಿ ಅಭಯವಿತ್ತು, ಅಂಚಿನಿಂದ ಒಂದು ತುಂಡು ಕೆತ್ತಿದರು.

ತುಂಡು ಫ್ಲಾಸ್ಕಿಗೆ, ಫ್ಲಾಸ್ಕು ಹೊಟ್ಟು ತುಂಬಿದ ಚೀಲಕ್ಕೆ. ಬೆಟ್ಟ ಇಳಿಯುವವರೆಗೆ ಅದು ಕಲ್ಲಿನಂತಿತ್ತು. ರೈಲು ಹತ್ತಿದ ಮೇಲೆ ಮಾವನಿಗೆ ತಡೆಯಲಾಗಲಿಲ್ಲ. ಸ್ಟೇಷನ್ ಬಂದಾಗಲೆಲ್ಲ ಮುಚ್ಚಳ ತೆಗೆದು ಇಣುಕುವುದು, ‘ಐತಿ, ಐತಿ’ ಎಂದು ಮುಚ್ಚುವುದು. ಬೋಗಿಯ ತುಂಬ ಹೊಟ್ಟು. ಅವರದೇ ಸೂತ್ರವನ್ನು ನೆನಪಿಸಿದೆ.

‘ಅದು ಗಿರಾಕಿಗೆ ಹೇಳೋ ಮಾತು, ಸುಮ್ನಿರು.’

ಗುಂತಕಲ್ ದಾಟುವಾಗ ಫ್ಲಾಸ್ಕು ಗಳಗಳ ಎನ್ನುತ್ತಿತ್ತು.

ಅತ್ತೆ ಅದನ್ನು ಲೋಟಕ್ಕೆ ಬಗ್ಗಿಸಿ ನೋಡಿದರು. ‘ಇದಕ್ಕ ಅಷ್ಟು ದೂರ ಹೋಗಬೇಕಿತ್ತಾ? ನಳದಾಗ ಬರ್ತಿತ್ತಲ್ಲ.’ ನಾನು ಕಣ್ಣಾರೆ ಕಂಡೆನೆಂದೆ. ‘ನೀ ಅವ್ರ ಕಡಿಯವ’ ಎಂದು ಸಾಕ್ಷ್ಯ ವಜಾ ಆಯಿತು. ಮಾವ ಅಂಗಡಿಗೆ ನಡೆದರು. ಆಮೇಲೆ ಗೋಣಿ ಎತ್ತಿದ ಗಿರಾಕಿಗೂ ಕೆಲವು ದಿನ ಬೈಯಲಿಲ್ಲ.

ಹೋದ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಮಕ್ಕಳು ಫ್ರೀಜರ್ ಪೆಟ್ಟಿಗೆಗೆ ಫೋನು ಮಾಡುತ್ತಿದ್ದರೆ ಅತ್ತೆ ತಡೆದರು. ‘ಬ್ಯಾಡ. ಐಸು ತರ್ರಿ, ಅಂಗಡ್ಯಾಗಿನ ಹೊಟ್ಟು ತರ್ರಿ.’ ದಿಮ್ಮಿಗಳು ಬಂದವು. ಅತ್ತೆ ಒಂದೊಂದನ್ನೂ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಒಂದನ್ನು ವಾಪಸು ಕಳಿಸಿದರು.

ಮೋಕದಿಂದ ಬಂದ ನೆಂಟರೊಬ್ಬರು ಮಾವನ ಸುತ್ತಲಿನ ಐಸಿಗೆ ಹೊದಿಸಿದ್ದ ಗೋಣಿಯನ್ನು ಎತ್ತಿ ಎತ್ತಿ ನೋಡುತ್ತಿದ್ದರು.

‘ಮುಚ್ರಿ. ನೋಡೋರ ಕಣ್ಣಿಗೆ ಕರಗತೈತಿ’ ಎಂದರು ಅತ್ತೆ. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು: ‘ಅಲ್ಲಪಾ, ಆ ಕೊನಿ ಕೆರಿ... ಬಡಿದ್ರ ಹೆಂಗ ಕೇಳ್ತಿತ್ತು?’

‘ಗುಡಿ ಗಂಟಿ ಹೊಡದಂಗ, ಅತ್ತಿ.’

‘ಅವ್ರೂ ಹಂಗ ಹೇಳಿದ್ರು’ ಎಂದರು ಅತ್ತೆ. ‘ಖರೇ ಇರಬೇಕು.’