ಬಿಚ್ಚಿಸಿದ ಉಡಿ

ಅದು ಎಂಬತ್ತೆರಡನೇ ಇಸವಿ ಇರಬೇಕು. ನನ್ನ ಮೊದಲ ಬಸಿರು. ಮರಿಯಮ್ಮನಹಳ್ಳಿ ಕಡೆಯ ನಮ್ಮೂರಲ್ಲಿ ಸಜ್ಜೆ ಕೊಯ್ದ ಮೇಲೆ ಕೆಲಸವಿರುತ್ತಿರಲಿಲ್ಲ. ಗಂಡನ ಜೊತೆ ಕಂಪ್ಲಿ ಹತ್ತಿರದ ಊರೊಂದಕ್ಕೆ ಭತ್ತದ ಸುಗ್ಗಿಗೆ ಹೋಗಿ, ಕಾಲುವೆ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಅಲ್ಲಿ ನಮಗ್ಯಾರಿಗೂ ಹೆಸರಿರಲಿಲ್ಲ. ಎಲ್ಲರೂ 'ಗುಳೇದವರು', ಅಂದರೆ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಊರಲ್ಲಿ ಕೋಳಿ ಕಾಣೆಯಾದರೂ ಗುಳೇದವರೇ, ಹಗ್ಗ ಕಾಣೆಯಾದರೂ ಗುಳೇದವರೇ.

ಸಂಜೆ ಕಣದಿಂದ ಹೊರಡುವಾಗ ನಮ್ಮ ಹೆಂಗಸರೆಲ್ಲ ಸಾಲಾಗಿ ನಿಂತು ಸೆರಗಿನ ಉಡಿ ಝಾಡಿಸಿ ತೋರಿಸಬೇಕಿತ್ತು. ಭತ್ತ ಕಟ್ಟಿಕೊಂಡು ಹೋಗುತ್ತೇವಂತೆ! ಊರಿನ ಹೆಂಗಸರೂ ನಮ್ಮ ಜೊತೆಗೇ ಭತ್ತ ತೂರುತ್ತಿದ್ದರು, ಅವರು ಹಾಗೇ ಮನೆಗೆ ಹೋಗುತ್ತಿದ್ದರು. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಝಾಡಿಸಿ ಹೋಗಿ ಮಲಗಿದರೆ ಸಾಕಪ್ಪಾ ಅನ್ನಿಸುತ್ತಿತ್ತು.

ಒಂದು ಸಂಜೆ ಕಣದ ಮೇಸ್ತ್ರಿ ನನ್ನ ಹೊಟ್ಟೆ ನೋಡಿ, ಸೀರೆಯೊಳಗೆ ಭತ್ತದ ಗಂಟು ಕಟ್ಟಿದ್ದೀಯಾ, ತೆಗಿ ಅಂದ. ಕೆಲವರು ನಕ್ಕರು. ಅಲ್ಲೇ ಇದ್ದ, ಗದ್ದೆಯ ಸಾಹುಕಾರರ ತಾಯಿ ಅವನಿಗೆ ಬೈದು, ನನ್ನ ಹೊಟ್ಟೆ ಮುಟ್ಟಿ ಎಷ್ಟು ತಿಂಗಳೆಂದು ಕೇಳಿದರು. ಏಳು ಅಂದೆ. ಕುಬಸ ಆಯಿತೇ ಎಂದರು. ಬಸುರಿಗೆ ತವರಿನವರು ಸೀರೆ ಕುಬಸ ಕೊಟ್ಟು ಮಾಡುವ ಶಾಸ್ತ್ರ ಅದು, ನನ್ನ ತವರಿಗೆ ಆ ಶಕ್ತಿ ಇರಲಿಲ್ಲ. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಮರುದಿನ ಕೆಲಸ ಮುಗಿಯುವ ಹೊತ್ತಿಗೆ ಅವರು ನನ್ನನ್ನು ಮನೆಗೆ ಕರೆಸಿ, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿ ಉಡಿ ತುಂಬಿದರು. ನನಗೆ ಅಳುವೇ ಬಂತು. ತುಂಬಿದ ಉಡಿಯನ್ನು ನಮ್ಮ ದೇವರ ಮುಂದೆಯೇ ಬಿಚ್ಚಬೇಕು, ದಾರಿಯಲ್ಲಿ ಬಿಚ್ಚಿದರೆ ಕೂಸಿಗೆ ಕೇಡು ಎಂದು ಅವ್ವ ಹೇಳುತ್ತಿದ್ದಳು. ಸೆರಗು ಗಟ್ಟಿಯಾಗಿ ಹಿಡಿದು ಕಣಕ್ಕೆ ಬಂದೆ. ಗಂಡ ಅಲ್ಲೇ ಕಾಯುತ್ತಿದ್ದ.

ಮೇಸ್ತ್ರಿ ತಡೆದ. "ಅವ್ವಾರು ಉಡಿ ತುಂಬ್ಯಾರ್ರಿ, ಬಿಚ್ಚಬಾರದು" ಅಂದೆ.

"ಗುಳೇದವ್ರಿಗೆ ಅವ್ವಾರು ಉಡಿ ತುಂಬ್ತಾರ? ಬಿಚ್ಚು ಮೊದ್ಲು."

ಗಂಡನ ಮುಖ ನೋಡಿದೆ. ಜಗಳ ಬೇಡ, ನಾಳೆಯಿಂದ ಕೆಲಸಕ್ಕೆ ಕರೆಯುವುದಿಲ್ಲ, ಬಿಚ್ಚಿಬಿಡು ಎಂದು ಅವನು ಮೆಲ್ಲಗೆ ಹೇಳಿದ. ಬಿಚ್ಚಿದೆ. ಬಿಳಿ ಅಕ್ಕಿ ಕಣದ ಧೂಳಿಗೆ ಬಿತ್ತು. ಕಣದಲ್ಲಿರುವುದು ಭತ್ತ, ಉಡಿಯಲ್ಲಿದ್ದದ್ದು ಅಕ್ಕಿ. ಕುರುಡನಿಗೂ ತಿಳಿಯುತ್ತಿತ್ತು. ಮೇಸ್ತ್ರಿ ನೋಡಿ, "ಅಕ್ಕಿ ಯಾರ ಮನ್ಯಾಗ ಕದ್ದಿ?" ಅಂದ.

ಸುದ್ದಿ ತಿಳಿದು ಮರುದಿನ ಆ ತಾಯಿ ಕಣಕ್ಕೇ ಬಂದು ಮತ್ತೆ ಉಡಿ ತುಂಬಿದರು. ತಲೆ ಸವರಿ, "ಬ್ಯಾಸರ ಮಾಡ್ಕಬ್ಯಾಡವ್ವ. ನಿಮ್ಮೋರಾಗ ನೀನೊಬ್ಬಾಕಿ ಬ್ಯಾರೆ" ಅಂದರು. ಪ್ರೀತಿಯಿಂದಲೇ ಅಂದರು. ಮೇಸ್ತ್ರಿಯ ಮಾತಿಗಿಂತ ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಆ ಸಂಜೆ ಮೇಸ್ತ್ರಿ ಮುಖ ತಿರುಗಿಸಿ ನನ್ನನ್ನು ಬಿಟ್ಟ. ನನ್ನ ಹಿಂದಿದ್ದವರಿಗೆ ಎಂದಿನಂತೆ, "ಝಾಡಿಸ್ರಿ" ಅಂದ.

ಮಗಳು ಹುಟ್ಟಿದಳು, ದೇವರ ದಯೆ, ಚೆನ್ನಾಗಿದ್ದಾಳೆ. ಈಗ ನಾವು ಹೊಸಪೇಟೆಯಲ್ಲಿದ್ದೇವೆ, ಗುಳೇದವರು ಎಂದು ಯಾರೂ ಕರೆಯುವುದಿಲ್ಲ. ಆದರೂ ಯಾರ ಮನೆಯಲ್ಲಾದರೂ ಉಡಿ ತುಂಬಿಸಿಕೊಂಡು ಹೊರಟರೆ, ನಮ್ಮ ಬಾಗಿಲು ಮುಟ್ಟುವವರೆಗೆ ಯಾರೋ ತಡೆಯುತ್ತಾರೆಂದೇ ಎರಡೂ ಕೈಯಲ್ಲಿ ಸೆರಗು ಬಿಗಿಹಿಡಿದು ನಡೆಯುತ್ತೇನೆ.