ಅಕ್ಕೋರ ವಾರದ ಹವಾಮಾನ

ಅಕ್ಕೋರದು ಒಡೆದ ದನಿ. ಕೊಣ್ಣೂರಿನ ಶಾಲೆಯಲ್ಲಿ, ತಗಡಿನ ಮಾಡಿನ ಕೆಳಗೆ ವರ್ಷಗಟ್ಟಲೆ ಭೂಗೋಳ ಹೇಳಿಕೊಟ್ಟು ಅವರ ಗಂಟಲು ಹರಿದುಹೋಗಿತ್ತು. ಮಾತಿಗೆ ಮೊದಲು ಎರಡು ಬೆರಳಿನಿಂದ ಕತ್ತು ಒತ್ತಿಕೊಳ್ಳುತ್ತಿದ್ದರು. ನರ ಉಬ್ಬುತ್ತಿತ್ತು. ಆಮೇಲೆ ಮಾತು ಹೊರಡುತ್ತಿತ್ತು, ಒಣಗಿದ ಜೋಳದ ದಂಟು ಮುರಿದ ಹಾಗೆ. ಅವರು ನಿವೃತ್ತರಾದ ಮೇಲೆ ಅದೇ ದನಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಎಷ್ಟೋ ಮನೆಗಳ ಮೊಬೈಲಿನಲ್ಲಿ ವಾರಕ್ಕೊಮ್ಮೆ ಕೇಳುತ್ತಿತ್ತು: "ಮುಂದಿನ ವಾರದ ಹವಾಮಾನ ಹೇಳ್ತೇನಿ. ಪೂರಾ ಕೇಳ್ರಿ. ಅರ್ಧಾ ಕೇಳಿ ಆಮ್ಯಾಲ ನನಗ ಬೈಬ್ಯಾಡ್ರಿ."

ಇದು ಶುರುವಾಗಿದ್ದು ನನ್ನಿಂದ. ಅಕ್ಕೋರ ಕೈಯಲ್ಲಿ ಕಲಿತ ನಾನು ಮದುವೆಯಾಗಿ ಮೂಡಲಗಿ ಕಡೆಯ ಹಳ್ಳಿಗೆ ಬಂದೆ. ಇಲ್ಲಿ ಶಿವರಾತ್ರಿ ದಾಟಿದರೆ ಅರಿಷಿಣದ ಕೆಲಸ. ನಮ್ಮ ಮಹಿಳಾ ಸಂಘದವರೆಲ್ಲ ಅರಿಷಿಣ ಕುದಿಸಿ ಒಂದೇ ಕಣದಲ್ಲಿ ಒಣಗಲು ಹರವುತ್ತೇವೆ. ಅದೇ ಹೊತ್ತಿಗೆ ಅಡ್ಡಮಳೆಯ ಭಯ. ಸರ್ಕಾರದ ಹವಾಮಾನ ಮುನ್ಸೂಚನೆ ಮೊಬೈಲಿಗೆ ಬರುತ್ತಿತ್ತು, ಆದರೆ ಆ ಭಾಷೆ ನಮಗೆ ಹತ್ತುತ್ತಿರಲಿಲ್ಲ. ಒಂದು ಸಲ ಅಕ್ಕೋರಿಗೆ ಫೋನ್ ಮಾಡಿ ಕೇಳಿದೆ. ಅವರು ಬಿಡಿಸಿ ಹೇಳಿ, "ಏನ ಹೇಳಿದ್ನಿ? ತಿರುಗಿ ಹೇಳು" ಎಂದು ಒಪ್ಪಿಸಿಕೊಂಡರು. ನಲವತ್ತು ದಾಟಿದ ನಾನು ಫೋನ್ ಹಿಡಿದು ಎದ್ದು ನಿಂತೇ ಒಪ್ಪಿಸಿದೆ. ಅವರ ಮಾತನ್ನು ಧ್ವನಿಮುದ್ರಿಸಿ ಸಂಘಕ್ಕೆ ಕಳಿಸಿದೆ. ಅವರ ಹಳೆಯ ವಿದ್ಯಾರ್ಥಿಗಳಿಂದ ಅದು ಊರೂರಿಗೆ ಹಬ್ಬಿತು.

ಅಕ್ಕೋರಿಗೆ ಸಿಟ್ಟು ಬರಿಸುತ್ತಿದ್ದದ್ದು ಮುನ್ಸೂಚನೆಯ ಒಂದೇ ಮಾತು. "ಜಿಲ್ಲಾದ ಒಂದೆರಡು ಕಡಿ ಮಳಿ ಅಂತಾರ. ಯಾವ ಒಂದೆರಡು? ಜಿಲ್ಲಾ ಏನ ಅಂಗೈ ಅಷ್ಟ ಐತೇನು?"

ಒಂದು ವರ್ಷ ಯುಗಾದಿ ಆದ ಮೇಲೆ ಅದೇ ಮಾತು ಬಂತು. ಅಕ್ಕೋರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾವು ಹೆದರಿ ಕಣಕ್ಕೆಲ್ಲ ತಾಡಪತ್ರಿ ಹೊದಿಸಿ ಕಟ್ಟಿದೆವು. ವಾರವಿಡೀ ಬಿಸಿಲು ಕಾಯಿತು, ಒಂದು ಹನಿಯೂ ಬೀಳಲಿಲ್ಲ. ತಾಡಪತ್ರಿ ತೆಗೆದರೆ ಅರಿಷಿಣ ಬೆವತು, ಅಡಿಯಲ್ಲಿ ಬೂಷ್ಟು ಹಿಡಿದಿತ್ತು. ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಸಂಘದ ಅಧ್ಯಕ್ಷೆ. ಆಕೆ ಬಸ್ ಹತ್ತಿ ಕೊಣ್ಣೂರಿಗೇ ಹೋದಳು. ಹಿಂದೆ ನಾನು.

"ಹುಕ್ಕೇರ್ಯಾಗ ಆಣಿಕಲ್ಲ ಬಿದ್ದಾವ, ಮಾವಿನಕಾಯಿ ಎಲ್ಲಾ ಉದರ್ಯಾವ. ನಾ ಸುಳ್ಳ ಹೇಳಿಲ್ಲ" ಎಂದರು ಅಕ್ಕೋರು.

"ಹುಕ್ಕೇರ್ಯಾಗ ನಮ್ಮ ಅರಿಷಿಣ ಐತೇನ್ರಿ ಅಕ್ಕೋರ?"



ಮುಂದಿನ ವಾರ ಅಕ್ಕೋರು ನನ್ನನ್ನು ಕರೆದುಕೊಂಡು ಮುನ್ಸೂಚನೆ ಕಳಿಸುವ ಬೆಳಗಾವಿಯ ಕಚೇರಿಗೆ ಹೋದರು. ಅಲ್ಲಿದ್ದ ಸಣ್ಣ ವಯಸ್ಸಿನ ಅಧಿಕಾರಿ ಕುರ್ಚಿ ಕೊಟ್ಟು, ಚಹಾ ತರಿಸಿ, "ಒಂದೊಂದು ಊರಿಗೆ ಬೇರೆ ಬೇರೆ ಹೇಳೋಕಾಗಲ್ಲ ಮೇಡಂ, ಇದು ಸಾಧ್ಯತೆ ಅಷ್ಟೇ" ಎಂದ.

"ಆಗಂಗಿಲ್ಲ ಅನ್ನೂದನ್ನ ಅದರಾಗ ಯಾಕ ಬರ್ಯಂಗಿಲ್ಲಪಾ?"

"ಹಾಗೆ ಬರೆದರೆ ಯಾರು ಓದ್ತಾರೆ ಮೇಡಂ?"

ಬಸ್ಸಿನಲ್ಲಿ ಗೋಕಾಕಕ್ಕೆ ವಾಪಸು ಬಂದೆವು. ಇಳಿಯುವಾಗ ಅಕ್ಕೋರು, "ಆ ಹುಡುಗಂದೂ ತಪ್ಪಿಲ್ಲ. ನಿನ್ನ ನೆಗೆಣ್ಣಿದೂ ತಪ್ಪಿಲ್ಲ. ಅದಕ್ಕ ನನಗ ಇಷ್ಟ ಸಿಟ್ಟ ಬರಾಕತ್ತೈತಿ" ಎಂದರು.

ಅಲ್ಲಿಂದ ಅವರ ಮಾತಿನ ಧಾಟಿ ಬದಲಾಯಿತು. "ಈ ವಾರ ಮಳಿ ಬಂದ್ರೂ ಬರಬಹುದು. ಎಲ್ಲಿ ಅಂತ ನನಗ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಮುಂಜಾನೆ ಒಣ ಹಾಕ್ರಿ, ಮಧ್ಯಾಹ್ನ ಕಣದ ಬಾಜೂ ಕುಂದರ್ರಿ. ಮೋಡ ಕಂಡವ್ರು ನನಗ ಫೋನ್ ಮಾಡ್ರಿ."

ಜನ ಫೋನ್ ಮಾಡಿದರು, ಬೇರೆಯದಕ್ಕೆಲ್ಲ ಮಾಡಿದರು. ಮಗಳ ಮದುವೆಗೆ ಪೆಂಡಾಲ್ ಹಾಕಿಸಲೋ ಬೇಡವೋ ಎಂದು ಒಬ್ಬರು ಕೇಳಿದರು. ನಿಡಸೋಸಿಯಿಂದ ಒಬ್ಬ ಕರಿಮೋಡ ಎಂದು ಕೂಗಿಕೊಂಡ. ಕೇಳಿ ನೋಡಿದರೆ ಇಟ್ಟಿಗೆ ಭಟ್ಟಿಯ ಹೊಗೆ. ನಿಜವಾಗಿ ಗುಡುಗಿದ ದಿನ ಯಾರಿಗೂ ನೆನಪಾಗಲಿಲ್ಲ. ಅಕ್ಕೋರು ಒಬ್ಬೊಬ್ಬರಿಗೇ ಫೋನ್ ಹಚ್ಚಿ ಬೈದರು. ನನಗೂ ಬೈದರು. "ಸಾಕ್ ಬಿಡ್ರಿ ಅಕ್ಕೋರ, ಯಾರಿಗಿ ಬೇಕಾಗೇತಿ ಇದು" ಎಂದರೆ, "ಬಿಟ್ರ ಸುಳ್ಳ ಹೇಳಾವ್ರು ಬರ್ತಾರ. ಅವರ ಮಾತ ಭಾಳ ಛಲೋ ಇರ್ತೈತಿ" ಎಂದರು.

ಮರುವರ್ಷ ಒಂದು ಮಧ್ಯಾಹ್ನ ಕಡೆಗೂ ಹುಕ್ಕೇರಿಯಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಅವರಿಗೆ ಫೋನ್ ಮಾಡಿದಳು: ಆಣೆಕಲ್ಲು ಬೀಳುತ್ತಿದೆ, ಮೋಡ ಮೂಡಣ ದಿಕ್ಕಿಗೆ ಹೊರಟಿದೆ. ತಕ್ಷಣ ನನ್ನ ಫೋನ್ ಹೊಡೆದುಕೊಂಡಿತು. "ಏ ಹುಡುಗಿ, ಮುಚ್ಚು!" ಅಷ್ಟೇ. ನಾವು ತಾಡಪತ್ರಿ ಎಳೆದೆವು. ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತಿತ್ತು. ನೆಗೆಣ್ಣಿ ಒಂದು ಮೂಲೆಯ ಮೇಲೆ ಅಡ್ಡ ಮಲಗಿಯೇ ಬಿಟ್ಟಳು. ಮಳೆ ನಮ್ಮ ಮೇಲೆ ಬಿತ್ತು, ಅರಿಷಿಣದ ಮೇಲೆ ಬೀಳಲಿಲ್ಲ.

ಮೋಡ ಹಾದುಹೋದ ದಾರಿಯಲ್ಲೇ ಕೊಣ್ಣೂರು. ಊರೂರಿಗೆ ಫೋನ್ ಹಚ್ಚುತ್ತ ಕೂತ ಅಕ್ಕೋರು ತಮ್ಮ ಮಾಳಿಗೆ ಮೇಲೆ ಒಣಗಲು ಹಾಕಿದ್ದ ಶಾವಿಗೆಯನ್ನು ಮರೆತಿದ್ದರು. ವರ್ಷದ ಶಾವಿಗೆ ಅಂಬಲಿಯಾಯಿತು. ನೆಗೆಣ್ಣಿ ಮಾತ್ರ, "ಇನ್ನೊಂದೀಟ ಮೊದಲ ಹೇಳಿದ್ರ ನಮ್ಮ ಸೀರಿ ತೋಯ್ತಿದ್ದಿಲ್ಲ" ಎಂದಳು. ಅದನ್ನು ಅಕ್ಕೋರಿಗೆ ಮುಟ್ಟಿಸಿದೆ. ಬಹಳ ಹೊತ್ತು ಬೈದರು. ಕೊನೆಗೆ, "ಅರಿಷಿಣ ಉಳೀತಿಲ್ಲೋ?" ಎಂದು ಕೇಳಿ ಫೋನ್ ಇಟ್ಟರು.

ಕಳೆದ ಮಳೆಗಾಲದಲ್ಲಿ ಅಕ್ಕೋರು ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಸಂಘದವರೆಲ್ಲ ಹೋಗಿದ್ದೆವು. ಬರುವಾಗ ಟೆಂಪೋದಲ್ಲಿ ನೆಗೆಣ್ಣಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಈ ವರ್ಷ ಕಣ ಸಿದ್ಧವಾದಾಗ ವಾರದ ಹವಾಮಾನ ಹೇಳುವ ಕೆಲಸ ನನ್ನ ತಲೆಗೆ ಬಂತು. ಮೂಡಲಗಿ ಕಡೆ ಮಳೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಹೇಳಿ ಕಳಿಸಿದೆ. ಪಕ್ಕದ ಮನೆಯಲ್ಲೇ ಇರುವ ನೆಗೆಣ್ಣಿ ಫೋನ್ ಮಾಡಿದಳು. "ಗೊತ್ತಿಲ್ಲ ಅನ್ನಾಕ ನೀ ಯಾಕ ಬೇಕ?"

ಮೈಯೆಲ್ಲ ಉರಿಯಿತು. ಮಧ್ಯಾಹ್ನ ಕಣದ ಬಾಜೂ ಹೋಗಿ ಕೂಡು ಎಂದೆ. ಗೊಣಗುತ್ತಲೇ ಹೋಗಿ ಕೂತಳು. ಇಷ್ಟು ವರ್ಷ ಇದನ್ನೆಲ್ಲ ಹೇಗೆ ತಡೆದುಕೊಂಡಿರಿ ಎಂದು ಕೇಳೋಣವೆಂದರೆ ಅಕ್ಕೋರಿಲ್ಲ.