ಸೊಂಟ ಮುರಿದವರ ಮನೆಗೆ ಬರುತ್ತಿದ್ದ ರುದ್ರಕ್ಕ

ತರೀಕೆರೆ ಬಸ್ಸಿನಿಂದ ಒಬ್ಬ ಮುದುಕಿ ಹೆಗಲ ಮೇಲೆ ವಾಕರ್ ಹೊತ್ತುಕೊಂಡು ದಡದಡ ಇಳಿಯೋದನ್ನ ನಮ್ಮೂರು ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಕೂರೋರೆಲ್ಲ ನೋಡಿದ್ದಾರೆ. ಕಾಲಲ್ಲಿ ಬಲ ಇಲ್ಲದೋರು ಹಿಡಕೊಂಡು ನಡೆಯೋ ಅಲ್ಯೂಮಿನಿಯಂ ಸ್ಟ್ಯಾಂಡು ಅದು. ಇವಳಿಗೆ ಅದರ ಅಗತ್ಯವೇ ಇರಲಿಲ್ಲ. ಎಪ್ಪತ್ತು ದಾಟಿದ್ದರೂ ನಡಿಗೆಯಲ್ಲಿ ನನ್ನ ಮಗನನ್ನ ಹಿಂದೆ ಹಾಕುತ್ತಿದ್ದಳು. ನೋಡಿದವರಿಗೆ ನಗು ಬರುತ್ತಿತ್ತು. ಕಂಡಕ್ಟರ್ ಅಂತೂ ಬಿಡುತ್ತಿರಲಿಲ್ಲ.

"ಅಜ್ಜೀ, ನಿಂಗೆ ಹೆಂಗೂ ಫ್ರೀ. ಅದಕ್ಕಾದ್ರೂ ಒಂದು ಲಗೇಜ್ ಟಿಕೆಟ್ ತಗಾ."

"ಅದೂ ಹೆಂಗಸಿನ ಮನೆಗೇ ಹೋಗ್ತಿರೋದು ಕಣೋ, ಅದಕ್ಕೂ ಫ್ರೀನೇ. ನಿಂಗೇನಾದ್ರೂ ಬೇಕಾಗಿತ್ತಾ ಹೇಳು, ಇಲ್ಲೇ ಬಿಟ್ಟೋಗ್ತೀನಿ."

ಅವಳು ರುದ್ರಕ್ಕ. ಊರು ತರೀಕೆರೆ. ಕಡೂರಿನಿಂದ ಶಿವನಿ ತನಕ ಯಾರಾದರೂ ವಯಸ್ಸಾದೋರು ಬಿದ್ದು ಸೊಂಟ ಮುರಕೊಂಡರು ಅಂತ ಕಿವಿಗೆ ಬಿದ್ದರೆ ಸಾಕು, ಕರೆಯದೇನೇ ಹಾಜರಾಗುತ್ತಿದ್ದಳು. ಅವಳ ಹತ್ತಿರ ವಾಕರ್ ಇತ್ತು, ಕೂತಲ್ಲೇ ಕಕ್ಕಸಿಗೆ ಹೋಗೋ ಕುರ್ಚಿ ಇತ್ತು, ಬೆನ್ನು ಹುಣ್ಣಾಗದ ಹಾಗೆ ಗಾಳಿ ತುಂಬಿಸೋ ಹಾಸಿಗೆ ಇತ್ತು. ಬಾಡಿಗೆ ಅಂತ ಯಾರ ಮುಂದೆಯೂ ಕೈ ಒಡ್ಡಿದೋಳಲ್ಲ. ಒಬ್ಬರ ಮನೆಯಿಂದ ಎತ್ತೋದು, ಬಿಸಿನೀರಲ್ಲಿ ಉಜ್ಜಿ ಬಿಸಿಲಿಗೆ ಒಣಗಿಸೋದು, ಇನ್ನೊಬ್ಬರ ಮನೆಗೆ ಹಾಕೋದು. ಇದೇ ಅವಳ ಕಸುಬು.

ಇದನ್ನ ಬರೆಯೋಕೆ ನಾನು ಕೂತಿರೋದು ಸಂತೋಷ ತಡೆಯಲಾರದೆ. ಆದರೆ ಬರೆಯೋಕೆ ಬಿಡಬೇಕಲ್ಲ ನನ್ನ ಮೊಮ್ಮಗಳು. ಅಂಬೆಗಾಲಿಟ್ಟು ಹೊಸಿಲು ದಾಟಿಬಿಡ್ತಾಳೆ, ನಾನು ಪೆನ್ನು ಬಿಸಾಕಿ ಹಿಂದೆ ಓಡ್ತೀನಿ. ಓಡ್ತೀನಿ ಅಂತ ಬರೆದೆ ನೋಡಿ, ಅದೇ ಸಂತೋಷ. ನಾಲ್ಕನೇ ಕ್ಲಾಸು ಓದಿದೋಳು, ಹಿಂದುಮುಂದಾದರೆ ನೀವೇ ಸರಿಮಾಡಿಕೊಳ್ಳಿ.

ನಾನು ಬಿದ್ದದ್ದು ಕೊಟ್ಟಿಗೆಯಲ್ಲಿ. ಕರುವಿನ ಹಗ್ಗ ಕಾಲಿಗೆ ತೊಡರಿತು, ಗಂಜಲದ ಮೇಲೆ ಜಾರಿ ಮಗ್ಗುಲಾಗಿ ಬಿದ್ದೆ. ಏಳೋಣ ಅಂದರೆ ಎಡಗಾಲು ನನ್ನದೇ ಅಲ್ಲ ಅನ್ನೋ ಹಾಗೆ ಹೊರಳಿಕೊಂಡಿತ್ತು. ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ತೊಡೆಮೂಳೆ ಸೊಂಟಕ್ಕೆ ಸೇರೋ ಜಾಗದಲ್ಲೇ ಮುರಿದಿದೆ, ಶಿವಮೊಗ್ಗಕ್ಕೆ ಕರಕೊಂಡು ಹೋಗಿ, ಆಪರೇಷನ್ ತಡ ಮಾಡಬೇಡಿ ಅಂತ ಚೀಟಿ ಬರೆದುಕೊಟ್ಟರು. ನಾನು ಮನೆಗೇ ಕರಕೊಂಡು ಹೋಗಿ ಅಂತ ಹಟ ಹಿಡಿದೆ.

ಹಟಕ್ಕೆ ಕಾರಣ ಇತ್ತು. ಮಗಳು ಶೈಲಾಳನ್ನ ಕಡೂರಿಗೆ ಕೊಟ್ಟಿದ್ದೆವು. ಎಷ್ಟೋ ವರ್ಷ ಹರಕೆ ಹೊತ್ತ ಮೇಲೆ ಅವಳಿಗೆ ಆಗ ಏಳು ತಿಂಗಳು ತುಂಬಿದ ಬಸುರು. ಮೊದಲ ಹೆರಿಗೆ ಅಂದರೆ ತವರುಮನೆ ಬಾಣಂತನ. ಅದಕ್ಕೇ ಅಂತ ಕೊಬ್ಬರಿ ಮಾರಿದ ದುಡ್ಡು ಎತ್ತಿಟ್ಟಿದ್ದೆ. ತುಪ್ಪ, ತೊಟ್ಟಿಲು, ನಾಮಕರಣ ಎಲ್ಲ ಅದರಲ್ಲೇ ಆಗಬೇಕು. ಈಗ ನೋಡೋಕೆ ಬಂದೋರ ಬಾಯಲ್ಲೆಲ್ಲ ಒಂದೇ ಮಾತು, ಸೊಂಟದ ಆಪರೇಷನ್ ಅಂದರೆ ಮನೇನೇ ಗುಡಿಸಿಕೊಂಡು ಹೋಗ್ತದೆ ಅಂತ. ಮುದುಕಿ ಮೂಳೆಗೆ ಆ ದುಡ್ಡು ಸುರಿಯೋದಾ? ಅದನ್ನ ಮುಟ್ಟಿದರೆ ನನ್ನಾಣೆ ಅಂತ ಯಜಮಾನರ ಹತ್ತಿರ ಭಾಷೆ ತಗೊಂಡೆ. ಅವರೂ, ನಾಟಿ ಕಟ್ಟು ಕಟ್ಟೋರನ್ನ ಕರೆಸೋಣ, ಸೊಪ್ಪಿನ ಲೇಪ ಹಾಕಿ ಬಿದಿರಿನ ದಬ್ಬೆ ಕಟ್ಟಿದರೆ ಕೂಡಿಕೊಳ್ತದೆ ಅಂದರು. ಮಗ ಮಲ್ಲೇಶ ಒಬ್ಬನೇ ಶಿವಮೊಗ್ಗ ಶಿವಮೊಗ್ಗ ಅಂತ ಒಳಗೂ ಹೊರಗೂ ತಿರುಗಾಡುತ್ತಿದ್ದ.

ಮಾರನೇ ಬೆಳಗ್ಗೆ ರುದ್ರಕ್ಕ ಬಂದಳು. ಅಲ್ಲಿ ತನಕ ನಮಗೂ ಅವಳಿಗೂ ಮಾತುಕತೆ ಇಲ್ಲ. ಬಸ್ಸಿನಲ್ಲಿ ಯಾರೋ ನನ್ನ ಸುದ್ದಿ ಹೇಳಿದ್ದರಂತೆ. ವಾಕರನ್ನ ಬಾಗಿಲಲ್ಲಿ ಇಳಿಸಿ, ನೆಟ್ಟಗೆ ನನ್ನ ಮಂಚದ ಹತ್ತಿರ ಬಂದು, ಕಾಲು ನೋಡಿದಳು.

"ಇದನ್ನ ಇನ್ನೂ ಯಾಕ್ರೀ ಮನೇಲಿ ಇಟ್ಕಂಡಿದ್ದೀರಿ?" ಅಂತ ಯಜಮಾನರನ್ನ ಕೇಳಿದಳು.

"ಅವಳೇ ಬ್ಯಾಡ ಅಂತಾಳಮ್ಮ. ಮಗಳ ಬಾಣಂತನಕ್ಕೆ ಅಂತ ದುಡ್ಡಿಟ್ಟವ್ಳೆ, ಅದು ಮುಟ್ಟಂಗಿಲ್ಲವಂತೆ."

ರುದ್ರಕ್ಕ ನನ್ನ ಕಡೆ ತಿರುಗಿದಳು. "ಎಲ್ಲೈತೆ ದುಡ್ಡು?"

"ಬೀರುನಾಗೆ."

"ಸರಿ ಬಿಡು ಹಂಗಾದ್ರೆ. ಕೂಸು ಹುಟ್ಟಿದ ಮೇಲೆ ಬೀರು ಬಾಗ್ಲು ತೆಗೆದಿಡು. ದುಡ್ಡು ಎದ್ದು ಬಂದು ಅದಕ್ಕೆ ನೀರೆರೀತದೆ."

ನೋವಿನಲ್ಲೂ ನನಗೆ ಸಿಟ್ಟು ಬಂತು. "ನೀನ್ಯಾರೇ ನಮ್ಮನೆ ಬೀರು ವಿಚಾರಕ್ಕೆ?"

"ನಾನಾ? ಹಿಂಗೇ ದುಡ್ಡು ಉಳಿಸ್ದೋಳು ಕಣೇ."

ಆಮೇಲೆ ಅವಳು ಮಂಚದ ಕಾಲು ಹಿಡಕೊಂಡು ನಿಂತೇ ಹೇಳಿದಳು. "ನಮ್ಮೋರು ಬಚ್ಚಲಲ್ಲಿ ಬಿದ್ರು. ಆಪರೇಷನ್ ಬ್ಯಾಡ, ಮನೇಲೇ ನೋಡ್ಕಳಣ, ಖರ್ಚು ಉಳೀತದೆ ಅಂದೆ. ನಾನೇ ಅಂದಿದ್ದು. ಮಗ್ಗುಲು ತಿರುಗ್ಸಕ್ಕೆ ಜನ ಬೇಕಲ್ಲ, ಹಾಸ್ಟೆಲ್ಲಿನ ಅಡುಗೆ ಕೆಲ್ಸ ಬಿಟ್ಟೆ. ಅಲ್ಲಿಗೆ ಸಂಬಳ ಹೋಯ್ತು. ಬೆನ್ನು ಹುಣ್ಣಾಯ್ತು, ದಿನಾ ನರ್ಸಮ್ಮ ಬಂದು ಪಟ್ಟಿ ಕಟ್ಬೇಕು. ಆ ಹಾಸಿಗೆ ತಗಾ, ಈ ಕುರ್ಚಿ ತಗಾ. ಎದೇಲಿ ಕಫ ಕಟ್ತು, ಮತ್ತೆ ಆಸ್ಪತ್ರೆ. ಇದ್ದ ಒಂದು ಸೈಟು ಮಾರ್ದೆ. ಆಪರೇಷನ್ನಿಗೆ ಆಗೋದಕ್ಕಿಂತ ಜಾಸ್ತೀನೇ ಹೋಯ್ತು, ಆಮೇಲೆ ಅವರೂ ಹೋದ್ರು. ಈಗ ನೀನೇ ಹೇಳು ತಂಗಿ, ಏನು ಉಳೀತು?"

ನಾನು ಗೋಡೆ ಕಡೆ ಮುಖ ತಿರುಗಿಸಿದೆ. ಯಜಮಾನರು ಟವಲ್ಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು.

"ಆಪರೇಷನ್ನಿಗೆ ರೇಷನ್ ಕಾರ್ಡ್ ನಡೀತದೆ, ಇಲ್ಲಿ ಬರಕೊಟ್ಟ ಚೀಟಿ ಜೊತೇಲಿದ್ರೆ. ಕಾರ್ಡ್ ನಡೀದೇ ಇರೋದು ಆಮೇಲಿನ ಆರೈಕೆಗೆ. ಆಮೇಲಿಂದು ನಾನು ತಂದಿದ್ದೀನಿ" ಅಂತ ವಾಕರ್ ಕಡೆ ಕೈ ಮಾಡಿ, ಮಲ್ಲೇಶನಿಗೆ, "ಗಾಡಿ ಮಾಡ್ಕಂಡು ಬಾರಪ್ಪ. ನಿಮ್ಮಪ್ಪನ ಮುಖ ಏನ್ ನೋಡ್ತೀಯ" ಅಂದಳು.

ಹೋದೆವು. ಮೂಳೆಗೆ ರಾಡು ಹಾಕಿದರು. ಕಾರ್ಡಿನಲ್ಲೇ ಆಯಿತು, ಸುಳ್ಳು ಹೇಳಬಾರದು. ಆದರೂ ದುಡ್ಡು ಹೋಗೋಕೆ ದಾರಿ ನೂರು. ಹೋಗಿಬರೋ ಗಾಡಿ, ಜೊತೇಲಿದ್ದೋರ ಹೋಟೆಲ್ ಊಟ, ಹೊರಗಡೆ ಬರೆದುಕೊಟ್ಟ ಮಾತ್ರೆ, ಬಾಗಿಲು ಹಾಕಿದ ಮಲ್ಲೇಶನ ಗೊಬ್ಬರದಂಗಡಿ. ಹಾಲು ಕರೆಯೋರಿಲ್ಲ ಅಂತ ಹಸುವನ್ನೂ ಕರುವನ್ನೂ ಕೊಟ್ಟುಬಿಟ್ಟರು. ಕೊಬ್ಬರಿ ದುಡ್ಡು ಅರ್ಧಕ್ಕರ್ಧ ಕರಗಿತು. ಆಸ್ಪತ್ರೆ ಮಂಚದ ಮೇಲೆ ಮಲಗಿ, ತೊಟ್ಟಿಲು ಹೋಯ್ತು, ತುಪ್ಪ ಹೋಯ್ತು ಅಂತ ಒಂದೊಂದನ್ನೇ ಮನಸ್ಸಿನಲ್ಲಿ ಅಳಿಸುತ್ತಿದ್ದೆ. ನಿದ್ದೆ ಇಲ್ಲ, ಊಟ ಸೇರಲ್ಲ. ಶೈಲ ಫೋನ್ ಮಾಡಿ, "ಅವ್ವ, ನಮ್ಮತ್ತೆ ಬಾಣಂತನ ಇಲ್ಲೇ ಆಗ್ಲಿ ಅಂತವ್ರೆ" ಅಂದಳು. "ಇನ್ನೂ ಟೈಮ್ ಐತೆ, ನಾನು ಎದ್ದು ಓಡಾಡ್ತೀನಿ ಅನ್ನು ಅವರಿಗೆ" ಅಂದೆ. ಹೇಳಿದೆ ಅಷ್ಟೇ, ಕಾಲು ಊರೋಕೇ ಭಯ.

ಮನೆಗೆ ಬಂದ ಮೇಲೆ ರುದ್ರಕ್ಕ ಶುರು ಮಾಡಿದಳು. ಎರಡು ದಿನಕ್ಕೊಮ್ಮೆ ಬಸ್ಸಿಗೆ ಬರೋದು, ನನ್ನನ್ನ ಎಬ್ಬಿಸೋದು. ನೋವು ಅಂದರೆ, "ನೋವು ಇರ್ಲಿ ಬಿಡು, ಅದರ ಪಾಡಿಗೆ ಅದು ಇರ್ತದೆ. ನೀನು ನಿನ್ನ ಪಾಡಿಗೆ ನಡಿ." ನಾನು ನಾಳೆ ಅಂದರೆ, "ನಾಳೆ ನಾನು ಕಡೂರಿಗೆ ಹೋಗ್ಬೇಕು, ಅಲ್ಲೊಬ್ಬ ಮೇಷ್ಟ್ರು ನಿನಗಿಂತ ಸೋಮಾರಿ." ಯಜಮಾನರು ಹೊರಗಿನಿಂದ, "ಸ್ವಲ್ಪ ನಿಧಾನಕ್ಕಮ್ಮ" ಅಂದರೆ, "ನೀವು ಹೊರಗೇ ಇರ್ರೀ. ಗಂಡಂದ್ರು ಕೈ ಹಿಡಿದ್ರೆ ಹೆಂಗಸ್ರಿಗೆ ಇಲ್ಲದ ನೋವೆಲ್ಲ ಬತ್ತದೆ" ಅನ್ನುತ್ತಿದ್ದಳು.

ಅವಳದ್ದೊಂದು ನೇಮ ಇತ್ತು. ಬಿದ್ದೋರ ಮನೇಲಿ ನೀರು ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಎಷ್ಟು ಬಲವಂತ ಮಾಡಿದರೂ, "ಬಿದ್ದೋಳೇ ಎದ್ದು ಬಡಿಸಿದ ದಿನ ಉಣ್ತೀನಿ" ಅನ್ನೋಳು. ಬಿಸಿಲಲ್ಲಿ ಬಂದು, ನನ್ನನ್ನ ನಡೆಸಿ, ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತೋಳು. ಅದೇ ನನ್ನನ್ನ ಒಳಗೊಳಗೇ ಕುಟುಕುತ್ತಿತ್ತು. ಒಂದು ದಿನ ರೇಗಿಹೋಯಿತು. ಒಂದು ಕೈಲಿ ವಾಕರ್ ಹಿಡಿದು, ಇನ್ನೊಂದು ಕೈಲಿ ಸೌಟು ಹಿಡಿದು, ಅಡುಗೆಮನೆಯಲ್ಲಿ ನಿಂತು ಅವಳ ತಟ್ಟೆಗೆ ಹುರುಳಿಸಾರು ಬಿಟ್ಟೆ. ಅರ್ಧ ತಟ್ಟೆಗೆ, ಅರ್ಧ ಅವಳ ಸೀರೆಗೆ. ಅವಳು ಸೀರೆ ಒರೆಸಿಕೊಳ್ಳಲಿಲ್ಲ. ಮುದ್ದೆ ಮುರಿದು, ಅದ್ದಿ, ನುಂಗಿ, "ಉಪ್ಪು ಸಾಲ್ದು ಕಣೇ" ಅಂದಳು. ಇನ್ನೊಂದು ಮುದ್ದೆ ಕೇಳಿದಳು.

ಹೆರಿಗೆ ತರೀಕೆರೆ ಆಸ್ಪತ್ರೆಯಲ್ಲಾಯಿತು. ಹೆಣ್ಣು ಮಗು. ನಾನು ವಾಕರ್ ಹಿಡಕೊಂಡು ಬೀಗಿತ್ತಿ ಮನೆಯೋರ ಎದುರಿಗೇ ಓಡಾಡಿದೆ, ಆಮೇಲೆ ಅವರು ಬಾಣಂತನದ ಮಾತೆತ್ತಲಿಲ್ಲ. ಕೂಸು ನಮ್ಮ ಮನೆಗೇ ಬಂತು.

ಕೂಸಿಗೆ ಮೊದಲ ಸಲ ಎರೆಯೋ ದಿನ. ನನಗೆ ಗೊತ್ತಿರೋ ಕ್ರಮ ಒಂದೇ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ, ಕೂಸನ್ನ ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ನೀರು ಹಾಕೋದು. ಡಾಕ್ಟರು ಸದ್ಯಕ್ಕೆ ತಗ್ಗಿನಲ್ಲಿ ಕೂರಲೇಬೇಡಿ ಅಂದಿದ್ದರು. ಒಂದು ದಿನಕ್ಕೇನಾಗ್ತದೆ ಅಂತ, ಯಾರೂ ಇಲ್ಲದ ಹೊತ್ತು ನೋಡಿ, ಬಚ್ಚಲಿಗೆ ಹೋಗಿ ಗೋಡೆ ಹಿಡಕೊಂಡು ಮಣೆ ಮೇಲೆ ಕೂರೋಕೆ ಬಗ್ಗಿದೆ. ಆಗಷ್ಟೇ ಬಸ್ಸಿಳಿದು ಬಂದ ರುದ್ರಕ್ಕ ಹಿಂದಿನಿಂದ ತೋಳು ಹಿಡಿದು ಎಳೆದಳು.

"ಎಲ್ಲ ನೀರಲ್ಲಿ ಹೋಮ ಮಾಡ್ಬೇಕು ಅಂತಿದ್ದೀಯಾ?"

"ನನ್ನ ಮೊಮ್ಮಗಳಕ್ಕ. ಇದಕ್ಕೇ ಅಲ್ವಾ ನಾನು ಆಪರೇಷನ್ ಮಾಡಿಸ್ಕಂಡಿದ್ದು?"

"ಇವತ್ತು ಕೂತ್ರೆ ಇವತ್ತೊಂದಿನ ಎರೀತೀಯ. ಅಷ್ಟು ಸಾಕಾ ನಿಂಗೆ?"

ಅಷ್ಟು ಅಂದು, ಸೆರಗು ಸಿಕ್ಕಿಸಿ, ತಾನೇ ಮಣೆ ಮೇಲೆ ಕೂತು ಕಾಲು ನೀಡಿದಳು. ಶೈಲ ಕೂಸನ್ನ ತಂದು ಅವಳ ಕಾಲ ಮೇಲಿಟ್ಟಳು. ನಾನು ನಿಂತುಕೊಂಡು ನೀರು ಹುಯ್ದೆ. ನನ್ನ ಮೊಮ್ಮಗಳು, ಅವಳ ಕಾಲು. ಹೊಟ್ಟೆ ಉರಿದದ್ದು ನಿಜ. ಕೂಸಿನ ಬೆನ್ನು ಅವಳ ಅಂಗೈಯಲ್ಲಿ ಕೆಂಪಗೆ ಹೊಳೆಯೋದನ್ನ ನೋಡಿ ಕಣ್ಣು ತುಂಬಿ, ನೀರು ಕೂಸಿನ ಮೇಲೆ ಬೀಳುತ್ತಿದೆಯೋ ರುದ್ರಕ್ಕನ ಮೇಲೆ ಬೀಳುತ್ತಿದೆಯೋ ಗೊತ್ತಾಗಲಿಲ್ಲ. "ನಂಗೆ ಸ್ನಾನ ಆಗೈತೆ ಕಣೇ, ಕೂಸಿಗೆ ಹುಯ್ಯಿ" ಅಂದಳು. ಶೈಲ ನಕ್ಕೂ ನಕ್ಕೂ ಹೊಟ್ಟೆ ಹಿಡಕೊಂಡಳು.

ಶೈಲಾಳ ಮೈ ಗಟ್ಟಿಯಾಗೋ ತನಕ ರುದ್ರಕ್ಕನೇ ಬಂದು ಕೂಸಿಗೆ ಎರೆದುಕೊಟ್ಟಳು. ನಾನು ವಾಕರ್ ಬಿಟ್ಟ ದಿನ ಅದನ್ನ ಹೆಗಲಿಗೆ ಹಾಕಿಕೊಂಡು ಹೋದಳು.

ರುದ್ರಕ್ಕ ಈಗಿಲ್ಲ. ಎದೆನೋವು ಅಂದಳಂತೆ, ಆಸ್ಪತ್ರೆ ಮುಟ್ಟೋದರೊಳಗೆ ಹೋಗಿಬಿಟ್ಟಳು. ಆ ಕಂಡಕ್ಟರೇ ಬಸ್ಸು ನಿಲ್ಲಿಸಿ ಮಲ್ಲೇಶನ ಅಂಗಡಿಗೆ ಬಂದು ಸುದ್ದಿ ಹೇಳಿದ್ದು. ಅವಳ ಕುರ್ಚಿ, ಹಾಸಿಗೆ ಯಾವ ಯಾವ ಮನೆಯಲ್ಲಿವೆಯೋ, ಈಗ ಎತ್ತಿ ಇನ್ನೊಬ್ಬರಿಗೆ ಮುಟ್ಟಿಸೋರು ಯಾರೋ. ನೆನೆದರೆ ಕೂತಲ್ಲಿ ಕೂರೋಕಾಗಲ್ಲ ನನಗೆ. ಮಲ್ಲೇಶನಿಗೆ ಹೇಳಿದ್ದೀನಿ, ಒಂದು ಕಡೆಯಿಂದ ವಿಚಾರಿಸಿಕೊಂಡು ಬಾ ಅಂತ.

ನಾನು ಅವಳನ್ನ ಕೊನೇ ಸಲ ನೋಡಿದ್ದು ನಮ್ಮ ಬಚ್ಚಲ ಬಾಗಿಲಲ್ಲಿ. ಅದರ ಹಿಂದಿನ ವಾರ ಶಿವಮೊಗ್ಗದ ಡಾಕ್ಟರು ಹೊಸ ಎಕ್ಸ್‌ರೇ ನೋಡಿ, ಮೂಳೆ ಕೂಡಿದೆ, ಸ್ವಲ್ಪ ಎತ್ತರದ ಮಣೆ ಇಟ್ಟುಕೊಂಡು ಎರೆದು ನೋಡಿ ಅಂದಿದ್ದರು. ಯಜಮಾನರು ಆ ಸಂಜೆಯೇ ಬಡಗಿ ಹತ್ತಿರ ಹೋಗಿ ಮಣೆಗೆ ಕಾಲು ಹೊಡೆಸಿಕೊಂಡು ಬಂದರು. ಕೂಸು ಆಗ ದುಂಡಗಾಗಿತ್ತು. ಅದನ್ನ ಮೊದಲ ಸಲ ನನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ರುದ್ರಕ್ಕ ಶಿವನಿ ಊರಿಗೆ ಹೊರಟೋಳು, ಅಲ್ಲಿ ಯಾರೋ ಬಿದ್ದಿದ್ದರು, ನಡುವೆ ಇಳಿದು ಬಂದಿದ್ದಳು.

"ಕತ್ತು ಹಿಡ್ಕಳೇ, ಕಿವಿಗೆ ನೀರು ಹೋಗ್ತದೆ."

"ಗೊತ್ತೈತೆ ಸುಮ್ನಿರಕ್ಕ. ಎರಡು ಹೆತ್ತಿದ್ದೀನಿ."

ನಾನು ಎರೆಯೋದನ್ನ ಅವಳು ಬಾಗಿಲಿಗೆ ಒರಗಿಕೊಂಡು ಸುಮಾರು ಹೊತ್ತು ನೋಡಿದಳು. ಆಮೇಲೆ, "ಬಸ್ ಬರೋ ಹೊತ್ತಾಯ್ತು, ನಾನು ಹೊಂಟೆ" ಅಂದಳು.

"ತಡಿಯಕ್ಕ, ಗೇಟಿನ ತನಕ ನಾನೂ ಬತ್ತೀನಿ."

"ಕೂಸು ಕಾಲ ಮೇಲೈತೆ, ಎಲ್ಲಿಗೆ ಬತ್ತೀಯ."

ಅವಳ ಚಪ್ಪಲಿ ಸದ್ದು ಅಂಗಳ ದಾಟಿತು. ಕೂಸು ನನ್ನ ಎರಡೂ ಕಾಲಿನ ಮೇಲೆ ಬೆಚ್ಚಗೆ, ಭಾರವಾಗಿ ಮಲಗಿ ಕೈ ಬಡಿಯುತ್ತಿತ್ತು. ನಾನು ಏಳಲಿಲ್ಲ, ಇನ್ನೊಂದು ಚೊಂಬು ನೀರು ತೋಡಿಕೊಂಡೆ.